ಅಕಿನೋ, ಅಂವನೋ?

ಕಲಬುರಗಿಯ ಬಸ್ ನಿಲ್ದಾಣದಲ್ಲಿ ಜುಬೇದಾ ಕಮಲಾಪುರದ ಬಸ್ಸಿಗೆ ಕಾಯುತ್ತಿದ್ದಳು. ಅದೇ ಬೆಂಚಿನ ಮೇಲೆ ಒಬ್ಬ ತಾಯಿ, ಮಗಳು. ಮಗಳ ಕೈಯಲ್ಲಿ ಸೈಬರ್ ಕೆಫೆಯಲ್ಲಿ ತೆಗೆಸಿದ ಇಮೇಲಿನ ಪ್ರತಿ.

“ಪುಣೆದ ಪ್ರೊಫೆಸರ್ ಒಬ್ಬರು ಕಂಪ್ಯೂಟರ್ ಓದೋ ಹುಡುಗ್ಯಾರಿಗೆ ಸಂಶೋಧನಾಕ್ಕ ದಾರಿ ತೋರಸ್ತಾರವ್ವ. ನನಗ ವಾರಕ್ಕೊಮ್ಮಿ ಬರೀತಾರ. ಬ್ಯಾಸಿಗ್ಯಾಗ ಎರಡು ತಿಂಗಳು ಪುಣೆಕ್ಕ ಬಾ ಅಂದಾರ.”

“ಬರೀತಾರ, ಅಂದಾರ. ಅಕಿನೋ, ಅಂವನೋ?”

“ದೊಡ್ಡವರವ್ವ. ಅವರು ಅನ್ನಬೇಕು.”

“ನಿಮ್ಮಪ್ಪಗೂ ನಾ ಅವರು ಅಂತೀನಿ. ಅವರಿಗೆ ಮೀಸಿ ಇಲ್ಲೇನು?”

“ಕಿರಣ ಅಂತ ಹೆಸರದ.”

“ನಮ್ಮ ಓಣಿ ಟೇಲರನೂ ಕಿರಣನೇ.”

ಮಗಳು ಹಾಳೆ ಮಡಚಿದಳು. ಜುಬೇದಾ ಬೇರೆ ಕಡೆ ನೋಡಿದಳು.

“ನನಗೂ ಗೊತ್ತಿಲ್ಲವ್ವ. ಇಂಗ್ಲಿಷಿನ್ಯಾಗ ‘ನಾನು’, ‘ನೀನು’ ಅಂತ ಬರದ್ರ ತಿಳಿಯಂಗಿಲ್ಲ.”

“ಆರು ತಿಂಗಳಾಯ್ತು, ಕೇಳಲಿಲ್ಲ?”

“ಗಂಡಸು ಅಂತ ತಿಳಿದ್ರ ನೀ ಬಿಡಸ್ತಿ.”

“ಅದಕ್ಕ ನೀ ಬೇಕಂತನೇ ಕೇಳಲಿಲ್ಲ.”

“ಹ್ಞೂಂ.”

ತಾಯಿ ಮಡಚಿದ ಹಾಳೆಯ ಕಡೆ ನೋಡಿದಳು.

“ಫೋನ್ ನಂಬರ್ ಅದ ಏನು ಅದರಾಗ?”

“ಅದ.”

“ಎದ್ದೇಳು. ಫೋನ್ ಹಚ್ಚಿ ಕೊಡು. ನಾ ಏನೂ ಮಾತಾಡಂಗಿಲ್ಲ, ದನಿ ಅಷ್ಟ ಕೇಳಿ ಇಟ್ಟುಬಿಡ್ತೀನಿ.”

“ಗಂಡು ದನಿ ಇದ್ರ?”

ತಾಯಿ ಎದ್ದು ಎಸ್‌ಟಿಡಿ ಬೂತಿನ ಕಡೆ ನಡೆದಳು. ಅಷ್ಟರಲ್ಲಿ ಬಸ್ಸು ಬಂತು. ಜುಬೇದಾ ಕಿಟಕಿಯ ಪಕ್ಕ ಕೂತು ನೋಡಿದಳು. ತಾಯಿ ರಿಸೀವರನ್ನು ಕಿವಿಗೆ ಒತ್ತಿಕೊಂಡು ನಿಂತಿದ್ದಳು. ಮಗಳು ಒಂದೊಂದೇ ಅಂಕಿ ಒತ್ತುತ್ತಾ ಬಂದು, ಕೊನೆಯದರ ಮೇಲೆ ಬೆರಳಿಟ್ಟು ತಡೆದಳು. ಕಂಡಕ್ಟರ್ ಸೀಟಿ ಊದಿದ.