ಪಟ್ಟಿಯಲ್ಲಿ ಇನ್ನೊಂದು ಫೋನು

ಕುಲಗೋಡದ ಆಚೆ, ತೋಟದ ದಾರಿಯಲ್ಲಿ ಒಂದು ಆಲದ ಮರ, ಅದರ ಬುಡಕ್ಕೆ ಬಾವಿ. ರಾತ್ರಿ ಹತ್ತರ ಮೇಲೆ ಆ ದಾರಿಯಲ್ಲಿ ನಡೆದು ಮನೆಗೆ ಹೊರಟವನು ನಮ್ಮ ಬಾಜೂ ಮನೆ ಗುಡುಬಿಯ ಮಗ ಯಾಸೀನ. ಮನೆಮನೆಗೆ ವೈಫೈ ಕೂಡಿಸುವ ಕೆಲಸ ಅವನದು. ಅವತ್ತು ಬೈಕು ಪಂಕ್ಚರ್.

ಬಾವಿ ದಾಟುವಾಗ ಯಾರೋ ಪಿಸುಗುಟ್ಟಿದರು.

"ಯಾಸೀನ... ನೆಟ್ ಮತ್ತ ಹೋತು. ನೋಡಿ ಹೋಗು."

ಮೊಬೈಲ್ ಮೇಲೆತ್ತಿ ಸಿಗ್ನಲ್ ಹುಡುಕುತ್ತ ನಿಂತಿದ್ದ, ತೋಟದ ಶೆಟ್ಟೆಪ್ಪ. ಹೆಂಡತಿ ಶಿವಗಂಗವ್ವ ಅದೇ ಬಾವಿಗೆ ಬಿದ್ದು ಸತ್ತು ಎರಡು ತಿಂಗಳಾಗಿತ್ತು. ಕಾಲು ಜಾರಿತು ಎಂದು ಇವನು ಹೇಳಿದ, ಊರು ತಲೆಯಾಡಿಸಿತು. ಊರಿಗೇನು, ಸತ್ತವಳು ಬೇರೆಯವರ ಮಗಳು.

ಯಾಸೀನ ಬಾವಿ ಪಕ್ಕದ ಅವನ ಮನೆಯೊಳಗೆ ಹೋಗಿ ರೌಟರ್ ಆರಿಸಿ ಹಚ್ಚಿದ. ನೆಟ್ ಬಂತು... ಹೋಯಿತು. ಮತ್ತೆ ಬಂತು... ಹೋಯಿತು.

"ಬಾಜೂ ಮನಿಯವರು ಕದ್ದು ಹಚ್ಕೊಂಡಾರೇನ್ರಿ ಕಾಕಾ?"

"ಬಾಜೂ ಮನಿ ಎಲ್ಲೈತೋ? ಸುತ್ತ ಬರೇ ಕಬ್ಬು."

ಆ ವೈಫೈಗೆ ಯಾವ ಯಾವ ಫೋನು ಕೂಡಿವೆ ಎಂಬ ಪಟ್ಟಿ ತೆಗೆದು ನೋಡಿದ. ತನ್ನದು... ಶೆಟ್ಟೆಪ್ಪನದು... ಇನ್ನೊಂದು. 'ಶಿವಗಂಗಾ.'

ಶೆಟ್ಟೆಪ್ಪ ಬಾಗಿಲ ಕಡೆ ಸರಿದ. "ಅದು ಆಕಿ ಜೋಡಿ ಬಾವ್ಯಾಗ ಬಿದ್ದೈತಿ... ತಗದು ಹಾಕು."

ಬೇಡದ ಫೋನು ಕಂಡರೆ ಬ್ಲಾಕ್ ಮಾಡುವುದು ರೂಢಿ. ಯಾಸೀನ ಒತ್ತಿದ.

ಟಕ್. ಗೋಡೆಗೆ ವಾಯರ್ ಹಿಡಿದಿದ್ದ ಮೊಳೆ ಹಾರಿತು. ಟಕ್... ಟಕ್... ಬಾಗಿಲ ಕಡೆಯಿಂದ ಒಂದೊಂದೇ. ಸಡಿಲಾದ ವಾಯರ್ ಶೆಟ್ಟೆಪ್ಪನ ಕೊರಳಿಗೆ ಬಿತ್ತು, ಸುತ್ತಿತು, ಎಳೆಯಿತು. ಮುಖ ಹೊಸ್ತಿಲ ಕಲ್ಲಿಗೆ ಅಪ್ಪಳಿಸಿತು. ಮೂಗು ಒಡೆಯಿತು, ಒಣ ಕಡ್ಡಿ ಮುರಿದ ಸದ್ದು. ಮತ್ತೆ ಅಪ್ಪಳಿಸಿತು. ಹಲ್ಲು ಚಟಪಟ ಉದುರಿದವು.

"ನಾನ... ನೂಕೀನಿ," ಎಂದ, ರಕ್ತದ ಬಾಯಲ್ಲಿ. "ಕಲ್ಲಿಲೆ ಹೊಡದು ನೂಕೀನಿ. ಬಿಡಸೋ..."

ಯಾಸೀನ ಚೀಲಕ್ಕೆ ಕೈ ಹಾಕಿದ. ಕೊಲೆಗಡುಕನಾದರೂ ಜೀವ ಜೀವವೇ... ಪಕ್ಕಡ ತೆಗೆದು ವಾಯರ್ ಕತ್ತರಿಸಿದ. ತುದಿ ಚಾಟಿಯಂತೆ ತಿರುಗಿ ಅವನ ಅಂಗೈಯನ್ನು ಎಲುಬಿನ ತನಕ ಸೀಳಿತು. ಕೊರಳಿನ ಕುಣಿಕೆ ಮಾತ್ರ ಬಿಡಲಿಲ್ಲ. ಶೆಟ್ಟೆಪ್ಪನನ್ನು ಅಂಗಳದ ಕಲ್ಲುಗಳ ಮೇಲೆ ಎಳೆದುಕೊಂಡು ಹೋಯಿತು, ಸರಸರ... ಸರಸರ... ಆಮೇಲೆ ಬಾವಿಯೊಳಗೆ ಧಡ್.

ಬೆಳಗ್ಗೆ ಹೆಣ ತೆಗೆದರು. ಕುಡಿದು ಬಿದ್ದ ಎಂದು ಪೊಲೀಸರು ಬರೆದುಕೊಂಡರು. ಬರೆಯುವವರಿಗೆ ಅದೇ ಸಲೀಸು. ಆದರೆ ಇದು ನಡೆದದ್ದು ಖರೆ. ಸುಳ್ಳು ಅನ್ನುವವರು ಬಂದು ಯಾಸೀನನ ಅಂಗೈ ನೋಡಲಿ, ಹದಿನೇಳು ಹೊಲಿಗೆ.

ಮಧ್ಯಾಹ್ನ ವಾಯರ್ ಬಿಚ್ಚಲು ಹೋದವರು ಯಾಸೀನ ಕತ್ತರಿಸಿದ ಜಾಗ ಹುಡುಕಿ ಅದನ್ನು ಗೇಣು ಗೇಣು ಹಿಡಿದು ನೋಡಿದರು. ರೌಟರ್‌ನಿಂದ ಕಂಬದ ತನಕ ಒಂದೇ ವಾಯರ್. ಎಲ್ಲೂ ಕಡಿದಿರಲಿಲ್ಲ. ಎಲ್ಲೂ ಜೋಡಿಸಿರಲಿಲ್ಲ.