ತಕ್ಕಡಿಗೆ ಬಿದ್ದ ಹದಿಮೂರು ಓಟು

ಹಲೋ... ಯಾರ್ರಿ ಮಾತಾಡೋದು? ಹಾಂ? ಜಮಖಂಡಿಯಿಂದ ಟ್ರಂಕ್ ಕಾಲಾ? ಕೊಡ್ರಿ, ಕೊಡ್ರಿ, ನಾನ ಮುರಗೆಪ್ಪ.

... ಶರಣ್ರೀ ಮಾವಾರ. ನಿಮ್ಮ ಅಳಿಯಾನ ಮಾತಾಡಾಕತ್ತೇನಿ. ಇಲ್ರಿ, ಮನ್ಯಾಗ ಎಲ್ಲೀ ಫೋನು, ಬನಹಟ್ಟಿ ನೂಲಿನ ಅಂಗಡ್ಯಾಗ ನಿಂತೀನಿ. ಭಾಗವ್ವ ಆರಾಮ ಅದಾಳ. ನಿಮ್ಮ ಮಗಳು ನನ್ನ ಜೋಡಿ ಮಾತ ಬಿಟ್ಟ ಎರಡ ದಿನಾ ಆತು, ಅದೊಂದ ಬಿಟ್ರ ಎಲ್ಲಾ ಆರಾಮ.

... ಹೌದ್ರಿ. ಓಟಿನ ಎಣಿಕಿಗೆ ನಾನೂ ಕುಂತಿದ್ನೆಲ್ರಿ, ನಿಮ್ಮ ಏಜೆಂಟ್ ನಾನ. ನಮ್ಮ ಓಣಿ ಬೂತಿನ್ಯಾಗ ನಿಮ್ಮ ತಕ್ಕಡಿ ಚಿತ್ರದ ಡಬ್ಬ್ಯಾಗ ಹದಿಮೂರ ಓಟು. ನಿಮ್ಮ ಎದುರು ನಿಂತಾವನ ಸೈಕಲ್ಲಿನ ಡಬ್ಬ್ಯಾಗ ಮುನ್ನೂರಾ ಹತ್ತು.

... ಹಾಂ, ಹದಿಮೂರ. ಮೂವತ್ತಲ್ರಿ.

... ಅಂದಿದ್ದೆ, ಅಂದಿದ್ದೆ. ಓಣಿ ನಾಡಿ ನನ್ನ ಕೈಯಾಗ ಐತಿ ಅಂದಿದ್ದೆ. ನೇಕಾರ ಮಂದಿ ನೂಲಿನ ರೇಟ ನೋಡಿ ಓಟ ಹಾಕ್ತಾರ, ಅಂಗಡಿಕಾರರು ಗೆಲ್ಲೂ ಕಡೆ, ಹೆಣ್ಣಮಕ್ಕಳು ನಾ ಹೇಳಿದ ಕಡೆ ಅಂತ ನಿಮ್ಮ ಪಡಸಾಲ್ಯಾಗ ಕುಂತು ಭಾಷಣಾ ಬಿಗದಿದ್ದೆ. ಮುಂಬೈ ಅಸೆಂಬ್ಲಿಗೆ ಹಾಕ್ಕೊಂಡ ಹೋಗಾಕ ನೀವು ಕೋಟ ಹೊಲಿಸಿದ್ದೂ ನನ್ನ ಮಾತ ಕೇಳೇ, ಅಲ್ಲೇನ್ರಿ?

... ಏನಂದ್ರಿ? ಅಮಸಿದ್ದಪ್ಪ? ಇಲ್ಲಿ ನಿಮ್ಮ ಮಳಿಗ್ಯಾಗ ಕಂಬಳಿ ಅಂಗಡಿ ಇಟ್ಟಾನಲ್ಲ, ಅವನಾ? ಅವ ಓಣಿ ಓಟ ಸೈಕಲ್ಲಿಗೆ ತಿರಗಿಸಿದಾ ಅಂತ ಯಾರ ಹೇಳಿದ್ರು ನಿಮಗ?

... ಮಳಿಗಿ ಬಿಡಸ್ತೀರಿ? ಈ ಸೋಮವಾರನ? ತಡೀರಿ ಮಾವಾರ. ಇಪ್ಪತ್ತ ವರ್ಷದ ಅಂಗಡಿ ಅದು, ಆ ಮನಿ ಮಂದಿ ಎಲ್ಲಾ ಅದರ ಮ್ಯಾಲ ಅದಾರ. ಖರೆ ಹೇಳ್ತೀನಿ, ಅವ ತಿರಗಿಸಿಲ್ಲ.

... ನನಗ ಹೆಂಗ ಗೊತ್ತ ಅಂದ್ರ... ತಿರಗಿಸಿದಾವ ನಾನ್ರಿ.

... ಕೇಳಸಲಿಲ್ಲಾ? ಗಟ್ಟಿ ಹೇಳಬೇಕಾ? ಇಲ್ಲಿ ನಾಕ ಮಂದಿ ನೂಲ ತೂಗೂದ ಬಿಟ್ಟು ನನ್ನ ಬಾಯಿ ನೋಡಾಕತ್ತಾರ್ರಿ. ಆತು, ಅವರೂ ಕೇಳಲಿ. ಓಣಿ ತಿರಗಿಸಿದಾವ ನಾನು.

... ರೊಕ್ಕಾ ತಿಂದಿಲ್ರಿ. ಅಷ್ಟ ಬುದ್ಧಿ ಇದ್ದಿದ್ರ ಅದೂ ಒಂದ ಮಾತಾಗತಿತ್ತು. ಕೇಳ್ರಿಲ್ಲೆ. ಒಬ್ಬೊಬ್ಬರ ಹೆಸರಿಗೆ ಒಂದೊಂದ ಡಬ್ಬಿ ಇಟ್ಟ ಖೋಲಿ ಕತ್ತಲಿ, ಮುದುಕ್ಯಾರಿಗೆ ಡಬ್ಬಿ ಮ್ಯಾಲಿನ ಚಿತ್ರ ಕಾಣೂದಿಲ್ಲ. ಅದಕ್ಕ ಹಿಂದಿನ ದಿನಾನ ನಮ್ಮ ಮಂದಿ ಮನಿಮನಿಗೆ ಹೋಗಿ, ಚಿತ್ರ ಹುಡಕಬ್ಯಾಡ್ರಿ, ವಿಭೂತಿ ಹಚ್ಚಿದ ಡಬ್ಬ್ಯಾಗ ಹಾಕ್ರಿ ಅಂತ ಹೇಳಿ ಬಂದೆ. ಮುಂಜಾನೆ ಎಲ್ಲಾರಿಗಿಂತ ಮೊದಲ ನಾನ ಒಳಗ ಹೋದೆ. ಮಾವ ಗೆಲ್ಲಲಿ ಅಂತ ಗುರುವಿನ್ನ ನೆನದು ಕಣ್ಣ ಮುಚ್ಚಿದೆ. ಭಕ್ತಿ ಜಾಸ್ತಿ ಆತ್ರಿ. ಕಣ್ಣ ಮುಚ್ಚಿಕೊಂಡ ಬಗ್ಗಿ ಡಬ್ಬಿಗೆ ಮೂರ ಬೆರಳ ವಿಭೂತಿ ಎಳದೆ.

... ಹೌದ್ರಿ. ಸೈಕಲ್ಲಿಗೆ.

... ನನಗೂ ಎಣಿಕಿ ದಿನಾನ ಗೊತ್ತಾತು. ಡಬ್ಬಿ ತಂದು ಮೇಜಿನ ಮ್ಯಾಲ ಇಟ್ರು, ನೋಡಿದ್ರ ವಿಭೂತಿ ಸೈಕಲ್ಲಿನ ಹಣಿ ಮ್ಯಾಲ ಕುಂತೈತಿ. ನಮ್ಮ ಮಂದಿ ಒಬ್ಬರೂ ತಪ್ಪಿಲ್ರಿ, ನಾ ಹೇಳಿದಂಗ ಹಾಕ್ಯಾರ. ನನ್ನ ಮಾತಿಗೆ ಓಣ್ಯಾಗ ಅಷ್ಟ ಕಿಮ್ಮತ್ತ ಐತಿ ಅಂತ ಆವತ್ತ ತಿಳೀತು. ನಾಚಿಕಿ ಆಗಿ ಬಾಯಿ ಮುಚ್ಚಿಕೊಂಡ ಕುಂತೆ. ಅದ ನನ್ನ ತಪ್ಪು.

... ಆ ಹದಿಮೂರಾ? ಅದನ್ನ ಹೇಳಾಕ ಹೊಂಟೀನಿ. ಅಮಸಿದ್ದಪ್ಪನ ಮಂದಿ ಬೀರಪ್ಪನ ಒಕ್ಕಲು, ಹಣಿಗೆ ವಿಭೂತಿ ಅಲ್ಲ, ಅರಿಷಿಣದ ಭಂಡಾರ ಹಚ್ಚಾವ್ರು. ಇವರು ಹೆಂಗೂ ನಮ್ಮ ಕಡೆ ಅಲ್ಲ ಅಂತ ರುಮಾಲ ನೋಡೇ ನಾ ಅವರ ಮನಿ ಹೊಸ್ತಿಲಾ ತುಳೀಲಿಲ್ಲ. ಅವರಿಗೆ ವಿಭೂತಿ ಗುರುತ ಹೇಳಾವ್ರ ಇರಲಿಲ್ಲ. ಕತ್ತಲ್ಯಾಗ ತಕ್ಕಡಿ ಹುಡುಕಿ ಹುಡುಕಿ ಹಾಕ್ಯಾರ. ಆ ಮನ್ಯಾಗ ಇರೂ ಓಟ ಸರಿಯಾಗಿ ಹದಿಮೂರ. ನಿನ್ನಿ ಅವನ ಹೆಂಡ್ತಿ ಮಾಯವ್ವನ್ನ ಕೇಳಿದೆ. ಮಳಿಗಿ ಕೊಟ್ಟ ಧಣಿ ನಿಂತಾಗ ಮತ್ಯಾರಿಗೆ ಹಾಕೂದರಿ ಅಂದ್ಲು. ನನಗ ಅಲ್ಲೆ ನಿಲ್ಲಾಕ ಆಗಲಿಲ್ಲ.

... ಹಲೋ? ಮಾವಾರ?

... ಹಾಂ. ಹಾಂ. ಮಳಿಗಿ ಅವನ ಕಡೇನ ಇರಲಿ ಅಂತೀರಿ? ಹೇಳ್ತೀನ್ರಿ, ಈಗ ಹೋಗಿ ಹೇಳ್ತೀನಿ. ಮುಂದಿನ ಸಲಾ ಏಜೆಂಟ್ ಅವನ್ನ ಮಾಡ್ತೀರಿ? ಮಾಡ್ರಿ, ಛಲೋ ಆತು. ಬೈರಿ, ನನ್ನ ಇನ್ನಷ್ಟ ಬೈರಿ.

... ಹಾಂ ಎಕ್ಸ್‌ಚೇಂಜಿನ ತಂಗಿ, ಮೂರ ಮಿನಿಟ ಆತಾ? ತಡೀವಾ, ಹಿರ್ಯಾರು ಏನೋ ಕೇಳಾಕತ್ತಾರ, ಲೈನ ತಗೀಬ್ಯಾಡ.

... ನನ್ನ ಓಟಾ? ಮಾವಾರ, ಅದೊಂದ ಕೇಳಬಾರದಿತ್ರಿ ನೀವು... ಆ ಮುನ್ನೂರಾ ಹತ್ತರಾಗ ಮೊದಲನೇದ ನಂದ. ಕಣ್ಣ ತಗದು, ವಿಭೂತಿ ನೋಡಿ, ನಮ್ಮ ಮಾವಂದ ಡಬ್ಬಿ ಅಂತ ಕೈ ಮುಗದು ಹಾಕಿ... ಹಲೋ?