ಅಜ್ಜಿ ತಂದ ಹೆಪ್ಪು

ಒಂದೂರಲ್ಲಿ ಒಂದು ಮನೆ. ಆ ಮನೆಯ ಅಜ್ಜಿಯನ್ನು ಮಣ್ಣು ಮಾಡಿ ಐದು ದಿನವಾಗಿತ್ತು. ಬಂದ ನೆಂಟರು ಹಿಂದಿನ ದಿನವೇ ಬಸ್ಸು ಹಿಡಿದಿದ್ದರು. ಆರನೆಯ ಬೆಳಿಗ್ಗೆ ಹಾಲಿನವ ಎಂದಿನಂತೆ ಬಂದು ಬಾಗಿಲಲ್ಲಿ ಕೂಗಿದ. ಓಣಿಯ ಮಗ್ಗಗಳು ಎಂದಿನಂತೆ ಸದ್ದು ಮಾಡತೊಡಗಿದವು. ಸತ್ತವರ ಮನೆಯಲ್ಲಿ ಕಷ್ಟದ ಬೆಳಿಗ್ಗೆ ಯಾವುದು, ಹೇಳಿ? ಅಳುವವರು ತುಂಬಿರುವ ಬೆಳಿಗ್ಗೆಯಲ್ಲ. ಎದ್ದು ಹಾಲು ಕಾಯಿಸಬೇಕಾದ ಬೆಳಿಗ್ಗೆ.

ಆ ಮನೆಯ ಸಣ್ಣ ಸೊಸೆ, ಎಂದರೆ ಅಜ್ಜಿಯ ಮೊಮ್ಮಗನ ಹೆಂಡತಿ, ಹಾಲು ಕಾಯಿಸಿದಳು.

ಅವ್ವಂದಿರೇ, ಯಾವ ಊರು, ಯಾವ ಮನೆ ಎಂದು ನಿಮಗೆಲ್ಲ ಗೊತ್ತು. ನಮ್ಮ ಈ ಅಕ್ಕನ ಬಳಗದಲ್ಲಿ ಮೂವತ್ತು ವರ್ಷ ಆ ಕಂಬಕ್ಕೆ ಒರಗಿ ಕೂತವಳು ಆ ಅಜ್ಜಿ. ಸಣ್ಣ ಸೊಸೆ ಯಾರೆಂಬುದೂ ಗೊತ್ತು. ಓದಿದವಳು, ಅಜ್ಜಿಯ ನೆನಪಿಗೆ ಒಂದು ದೃಷ್ಟಾಂತ ಹೇಳಲಿ ಎಂದು ನೀವೇ ನನ್ನನ್ನು ಎಬ್ಬಿಸಿ ನಿಲ್ಲಿಸಿದ್ದೀರಿ. ಹೆಸರಿಲ್ಲದೆ ಹೇಳಿದರೆ ನನಗೆ ಸುಲಭ. ಹಾಗೆಯೇ ಹೇಳುತ್ತೇನೆ.

ಅಜ್ಜಿ ಹದಿಮೂರಕ್ಕೆ ಆ ಮನೆಗೆ ಬಂದವಳು. ಅರವತ್ತೆಂಟು ವರ್ಷ ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತಿದಳು. ನಸುಕಿನಲ್ಲಿ ಎದ್ದು, ಮೈತೊಳೆದು, ಅಂಗೈಯಲ್ಲಿ ಲಿಂಗವಿಟ್ಟುಕೊಂಡು ಕೂತರೆ ಯಾರು ಕರೆದರೂ ಏಳುತ್ತಿರಲಿಲ್ಲ. ಮಗು ಅತ್ತರೆ ಮಾತ್ರ ಏಳುತ್ತಿದ್ದಳು. ಮಜ್ಜಿಗೆಗೆ ಯಾರಿಗೆ ಉಪ್ಪು ಬೇಕು, ಯಾರಿಗೆ ಬೇಡ, ಕೆನೆ ಯಾರ ಪಾಲಿಗೆ, ಎಲ್ಲ ಅವಳಿಗೆ ನೆನಪು. ಮೊಮ್ಮಗನ ಮದುವೆಗೆ ಹನ್ನೆರಡು ಸ್ಟೀಲ್ ಬಟ್ಟಲು ತರಿಸಿ, ಹನ್ನೆರಡರ ಮೇಲೂ ಅವನ ಹೆಸರು ಕೊರೆಸಿದಳು.

ಎರಡು ವರ್ಷದ ಹಿಂದೆ ಆ ಮೊಮ್ಮಗ ತೀರಿಕೊಂಡ. ನೂಲು ತರಲು ಹೋಗಿದ್ದ. ಮೋಟರ್‌ಸೈಕಲ್ ಓಡಿಸುತ್ತಿದ್ದವನು ಹಿಂದಿನ ಓಣಿಯ ಗೆಳೆಯ. ತಿರುವಿನಲ್ಲಿ ಬಿದ್ದರು. ಓಡಿಸಿದವನ ಕಾಲು ಮುರಿದು, ಮತ್ತೆ ಕೂಡಿತು. ಹಿಂದೆ ಕೂತವನು ಉಳಿಯಲಿಲ್ಲ. ಜೋರಾಗಿ ಓಡಿಸಿದ್ದು ನಿಜ. ಅದನ್ನು ಅವನೇ ಒಪ್ಪಿದ್ದಾನೆ.

ಅಂದಿನಿಂದ ಸಣ್ಣ ಸೊಸೆ ಹಿಂದಿನ ಓಣಿಗೆ ಕಾಲಿಡಲಿಲ್ಲ. ನಮ್ಮ ಈ ಮಠಕ್ಕೆ ಅದೇ ಹತ್ತಿರದ ದಾರಿ. ಅವಳು ಸುತ್ತು ಹಾಕಿಕೊಂಡು ಹೋಗುತ್ತಿದ್ದಳು. ಅಜ್ಜಿ ಮಾತ್ರ ದಿನಾ ಸಂಜೆ, ಮನೆಯಲ್ಲಿ ದೀಪ ಹಚ್ಚುವ ಮೊದಲು, ಸೆರಗು ಹೊದ್ದು ಹೊರಡುತ್ತಿದ್ದಳು. "ಪೂಜಿಗೆ ಹೋಗಿ ಬರ್ತೀನಿ" ಎನ್ನುತ್ತಿದ್ದಳು. ಅಜ್ಜಿ ಸುಳ್ಳು ಹೇಳುವವಳಲ್ಲ. ಈ ಮಾತು ನೆನಪಿಡಿ.

ಹಾಲು ಕಾಯಿತು. ಆರಿತು. ಹೆಪ್ಪು ಹಾಕಬೇಕು. ಮೊಸರಿನ ಗಡಿಗೆ ನೋಡಿದರೆ ತೊಳೆದು ಬೋರಲು ಹಾಕಿದೆ. ಇದ್ದ ಮೊಸರು ನೆಂಟರ ಊಟಕ್ಕೆ ಮುಗಿದಿತ್ತು. ಐದು ದಿನ ಆ ಮನೆಯಲ್ಲಿ ಯಾರೂ ಹಾಲಿಗೆ ಹೆಪ್ಪು ಹಾಕಿರಲಿಲ್ಲ. ಅದು ಅಜ್ಜಿಯ ಕೆಲಸವಾದ್ದರಿಂದ ಯಾರಿಗೂ ಹೊಳೆದಿರಲಿಲ್ಲ. ಎಲ್ಲಾದರೂ ಒಂದು ಚಮಚ ಉಳಿದಿದೆಯೇ ಎಂದು ಗೋಡೆಯ ಗೂಡಿನಲ್ಲಿ ಕೈಯಾಡಿಸಿದಳು. ಒಂದು ಪುಟ್ಟ ಬಟ್ಟಲು ಸಿಕ್ಕಿತು. ತಳದಲ್ಲಿ ಒಣಗಿದ ಮೊಸರಿನ ಕಲೆ. ಅಂಚಿನಲ್ಲಿ ಹೆಸರು. ಗಂಡನ ಹೆಸರಲ್ಲ. 'ನಿಂಬೆವ್ವ ಮ. ಹಳ್ಳೂರ.'

ಹೆಸರು ಹೇಳುವುದಿಲ್ಲ ಎಂದಿದ್ದೆ. ಬಟ್ಟಲ ಮೇಲೆ ಇದ್ದುದರಿಂದ ಹೇಳಬೇಕಾಯಿತು. ಮೋಟರ್‌ಸೈಕಲ್ ಓಡಿಸಿದವನ ತಾಯಿ ಅವರು.

ಅತ್ತೆ, ಎಂದರೆ ಅಜ್ಜಿಯ ಸೊಸೆ, ರೊಟ್ಟಿಗೆ ಹಿಟ್ಟು ನಾದುತ್ತಿದ್ದರು. ತಲೆ ಎತ್ತಿ ನೋಡಿದರು.

"ಅಲ್ಲೇ ಇಡು ಅದನ್ನ. ನಾ ಕೊಟ್ಟು ಬರ್ತೀನಿ."

"ಇದು ಅವರ ಬಟ್ಲ, ಅತ್ತಿ."

"ಹೌದು. ನನಗೂ ಓದಾಕ ಬರ್ತೈತಿ."

"ನಮ್ಮನ್ಯಾಗ ಯಾಕೈತಿ?"

"ನಮ್ಮತ್ತಿ ಹೆಪ್ಪ ಕಡ ತಂದಿದ್ರು. ದಿನಾ ತರತಿದ್ರು. ಬಟ್ಲ ತಿರುಗಿ ಕೊಟ್ಟು, ಮತ್ತ ಅದರಾಗ ತರೋರು. ಆವತ್ತ ತಂದ್ರು, ಮರುದಿನ ಏಳಲಿಲ್ಲ. ಬಟ್ಲ ಉಳೀತು."

"ದಿನಾ? ಯಾವಾಗಿಂದ?"

"ಎರಡ ವರ್ಷ ಆತು."

ಸಣ್ಣ ಸೊಸೆ ಬಟ್ಟಲಿನ ತಳ ನೋಡಿದಳು.

"ಹಂಗಾರ ನಾ ಇಷ್ಟ ದಿನಾ ಉಂಡ ಮೊಸರು?"

"ಆ ಹೆಪ್ಪಿಂದನ. ಒಂದ ಸೌಟ ಹೆಚ್ಚಿಗೀನ ಹಾಕ್ಕೋತಿದ್ದಿ."

"ನೀವು? ನಿಮಗ ಗೊತ್ತಿದ್ದೂ ಉಂಡ್ರಿ?"

ಅತ್ತೆ ಹಿಟ್ಟಿನ ಉಂಡೆಯನ್ನು ತಿರುವಿ ಹಾಕಿದರು. ಸತ್ತವನು ಅವರ ಮಗ, ಮರೆಯಬೇಡಿ. "ಮೊದಲ ತಿಂಗಳ ಉಣ್ಣಲಿಲ್ಲ. ಆಮ್ಯಾಲ ಹಸಿವಿ ಆತು" ಎಂದರು.

ಆಮೇಲೆ ಉಳಿದದ್ದನ್ನೂ ಅವರೇ ಹೇಳಿದರು. ಮೊಮ್ಮಗನನ್ನು ಮಣ್ಣು ಮಾಡಿದ ಹತ್ತನೆಯ ದಿನ ಅಜ್ಜಿ ನಿಂಬೆವ್ವನ ಮನೆಗೆ ಹೋದಳಂತೆ. ಮಗ ಆಸ್ಪತ್ರೆಯಲ್ಲಿ. ಒಲೆ ಹಚ್ಚಿ ನಾಲ್ಕು ದಿನವಾಗಿತ್ತು. ನಿಂಬೆವ್ವ ಗೋಡೆಗೆ ಮುಖ ಮಾಡಿ ಕೂತಿದ್ದರು. ಬೈಯಲು ಬಂದಳು ಎಂದುಕೊಂಡು ಏಳಲೂ ಇಲ್ಲ.

"ನಿಂಬೆವ್ವಾ, ಹೆಪ್ಪ ಐತೇನ?"

"ಮೊಸರ ಮಾಡಿಲ್ಲಬೇ."

"ಮತ್ತ ಹಾಲು?"

"ಹಾಲಿನವಗ ಬ್ಯಾಡ ಅಂದೀನಿ."

"ನಾಳಿಂದ ಹಾಕಿಸ್ಕೋ. ಹೆಪ್ಪ ನಾ ತಂದೀನಿ, ಇದನ್ನ ಹಾಕು. ನಾಡಿದ್ದ ಸಂಜಿಗೆ ಕಡ ಒಯ್ಯಾಕ ಬರ್ತೀನಿ. ಇಲ್ಲ ಅನಬ್ಯಾಡ ಮತ್ತ."

ನೋಡಿ, ಹೆಪ್ಪು ಅಜ್ಜಿಯದೇ. ತನ್ನ ಮನೆಯಿಂದ ಒಯ್ದು ಕೊಟ್ಟು, ಅದನ್ನೇ ಮತ್ತೆ ಕಡ ಬೇಡಿದಳು. ಅಜ್ಜಿ ಬರುತ್ತಾಳೆ ಎಂಬ ಕಾರಣಕ್ಕೆ ಆ ಮನೆಯಲ್ಲಿ ಹಾಲು ಬಂತು. ಹಾಲು ಬಂತೆಂದು ಒಲೆ ಹತ್ತಿತು. ಒಲೆ ಹತ್ತಿದ ಮೇಲೆ ನಿಂಬೆವ್ವ ಎರಡು ರೊಟ್ಟಿ ಬಡಿದು ಆಸ್ಪತ್ರೆಗೆ ಒಯ್ದರು. ಹೇಳಿದ ಸಂಜೆ ಅಜ್ಜಿ ಹೋಗಿ ಹೆಪ್ಪು ತಂದಳು, ಅದರ ಮರುದಿನವೂ ಹೋದಳು. ಕಡ ತಂದ ಪಾತ್ರೆಯನ್ನು ನಾವು ಬರಿದಾಗಿ ತಿರುಗಿ ಕೊಡುವುದಿಲ್ಲವಷ್ಟೆ? ಒಂದು ದಿನ ಚಿಟಿಕೆ ಸಕ್ಕರೆ, ಒಂದು ದಿನ ಎರಡು ಹಸಿಮೆಣಸಿನಕಾಯಿ, ಒಂದು ದಿನ ಹಿಡಿ ಶೇಂಗಾ. ಹೀಗೆ ಎರಡು ವರ್ಷ. ಒಂದು ಸಂಜೆಯೂ ತಪ್ಪಲಿಲ್ಲ.

ಇದಕ್ಕೆ ಅಜ್ಜಿ ಪೂಜೆ ಎಂದಳು. ಅವಳು ಸುಳ್ಳು ಹೇಳುವವಳಲ್ಲ ಎಂದೆನಲ್ಲ?

ಆ ದಿನವೆಲ್ಲ ಸಣ್ಣ ಸೊಸೆಗೆ ಕೆಲಸ ಸಾಗಲಿಲ್ಲ. ಸಿಟ್ಟು ಬಂತೇ? ಬರಲಿಲ್ಲ. ಅಳು ಬಂತೇ? ಅದೂ ಇಲ್ಲ. ಬಟ್ಟಲನ್ನು ಎರಡು ಸಲ ತೊಳೆದಳು. ಅತ್ತೆಯ ಕೈಯಲ್ಲಿ ಕೊಟ್ಟು ಕಳಿಸಬಹುದಿತ್ತು. ಯಾರೂ ಕಾಣದಂತೆ ಅವರ ಕಟ್ಟೆಯ ಮೇಲೆ ಇಟ್ಟು ಬರಬಹುದಿತ್ತು. ಗೂಡಿನಲ್ಲೇ ಬಿಟ್ಟಿದ್ದರೂ ಕೇಳುವವರಿರಲಿಲ್ಲ. ಆದರೆ ಹಾಲು ಹಾಗೇ ಇತ್ತು. ಹೆಪ್ಪು ಬೀಳದ ಹಾಲು ಇನ್ನೆಷ್ಟು ಹೊತ್ತು ಕೆಡದೆ ಇದ್ದೀತು? ಹೊತ್ತು ಇಳಿದಾಗ ಬಟ್ಟಲಿಗೆ ಒಂದು ಹಿಡಿ ಸಕ್ಕರೆ ಹಾಕಿದಳು. ಇನ್ನೊಂದು ಕೈಯಲ್ಲಿ ತನ್ನದೊಂದು ಖಾಲಿ ಬಟ್ಟಲು ಹಿಡಿದಳು. ಎರಡು ವರ್ಷದಲ್ಲಿ ಮೊದಲ ಸಲ ಹಿಂದಿನ ಓಣಿಗೆ ತಿರುಗಿದಳು.

ಅವಳು ಅಲ್ಲಿಯೇ ನಿಂತಿರಲಿ. ಈಗ ನಿಮ್ಮ ಕಡೆ ಬರುತ್ತೇನೆ.

ನಿಂಬೆವ್ವ ಈ ಬಳಗಕ್ಕೆ ಬರುವುದು ಬಿಟ್ಟು ಎರಡು ವರ್ಷವಾಯಿತು. ಯಾಕೆ ಎಂದು ನೀವು ಒಬ್ಬರಾದರೂ ಕೇಳಿದಿರಾ? ಅಜ್ಜಿ ಸತ್ತ ದಿನ ಅವರು ಓಣಿಯ ತುದಿಯಲ್ಲಿ ನಿಂತಿದ್ದರು. ಒಳಗೆ ಬಾ ಎಂದು ಯಾರಾದರೂ ಕರೆದಿರಾ? ಸಣ್ಣ ಸೊಸೆ ಕರೆಯಲಿಲ್ಲ, ನಿಜ. ನೀವು? ಅಜ್ಜಿ ಸಂಜೆ ಸಂಜೆ ಅಲ್ಲಿಗೆ ಹೋಗುವುದು ನಿಮ್ಮಲ್ಲಿ ಬಹಳ ಜನಕ್ಕೆ ಗೊತ್ತಿತ್ತು. ಮುದುಕಿಗೆ ಅರಳುಮರಳು ಎಂದಿರಿ. ಸೊಸೆಯ ಮುಖ ನೋಡಿ ಆ ಮನೆಯನ್ನು ಬಿಟ್ಟಿರಿ. ಅವಳಿಗೆ ನೋವಾದೀತು ಎಂದು ಬಿಟ್ಟಿರಿ. ನಿಮ್ಮ ಪ್ರೀತಿ ದೊಡ್ಡದು, ಅಲ್ಲ ಎನ್ನುವುದಿಲ್ಲ. ಆದರೆ ಅವಳ ನೋವು ಅದರಿಂದ ಕೂದಲೆಳೆಯಷ್ಟೂ ಕಡಿಮೆಯಾಗಲಿಲ್ಲ. ಅವಳೇ ಹೇಳುತ್ತಿದ್ದಾಳೆ, ಕೇಳಿಕೊಳ್ಳಿ. ಅವಳ ಸಲುವಾಗಿ ಇನ್ನು ಯಾರ ಮನೆಯನ್ನೂ ಬಿಡಬೇಡಿ.

ಅಜ್ಜಿಯ ನೆನಪಿಗೆ ಏನು ಮಾಡೋಣ ಎಂದು ಹೋದ ವಾರ ಕೇಳಿದಿರಿ. ಫೋಟೋಗೆ ಕಟ್ಟು ಹಾಕಿಸೋಣ ಎಂದಿರಿ. ಹಾಕಿಸಿ. ಆದರೆ ಇವತ್ತು ಮನೆಗೆ ಹೋದವರು ಮೊದಲು ಅಡಿಗೆಮನೆಯ ಗೂಡಿನಲ್ಲಿ ನೋಡಿ. ಬೇರೆಯವರ ಹೆಸರಿನ ಪಾತ್ರೆ ಒಂದಾದರೂ ಇರುತ್ತದೆ. ಮಾತು ನಿಂತ ಮನೆಯದಾದರೆ ಅದನ್ನೇ ಮೊದಲು ಎತ್ತಿಕೊಳ್ಳಿ. ಬರಿದಾಗಿ ಒಯ್ಯಬೇಡಿ. ಮಕ್ಕಳ ಕೈಯಲ್ಲಿ ಕಳಿಸಬೇಡಿ. ಪಾತ್ರೆ ಇಲ್ಲವೇ? ಹಾಗಾದರೆ ಹೋಗಿ ಏನಾದರೂ ಕಡ ಕೇಳಿ. ಕೊಡುವುದು ನಮಗೆಲ್ಲ ಬರುತ್ತದೆ. ಕೇಳುವುದು ಬರುವುದಿಲ್ಲ. ಅಜ್ಜಿಗೆ ಬರುತ್ತಿತ್ತು. ಮನಸ್ಸು ತಿಳಿಯಾಗಲಿ, ಆಮೇಲೆ ಹೋಗೋಣ ಎಂದು ಕಾಯಬೇಡಿ. ಸಣ್ಣ ಸೊಸೆಯ ಮನಸ್ಸು ಇನ್ನೂ ತಿಳಿಯಾಗಿಲ್ಲ.

ಉಳಿದದ್ದು ಇಷ್ಟೇ. ಅವಳು ಹೋಗಿ ಆ ಬಾಗಿಲಲ್ಲಿ ನಿಂತಳು. ಒಳಗೆ ನಡೆಯುತ್ತಿದ್ದ ಮಗ್ಗ ನಿಂತಿತು. ನಿಂಬೆವ್ವ ಹೊರಗೆ ಬಂದು, ಯಾರೆಂದು ತಿಳಿದು, ಬಾಗಿಲ ಚೌಕಟ್ಟು ಹಿಡಿದುಕೊಂಡರು.

"ಬಾ ಅನ್ನಾಕ ನನಗ ಬಾಯಿಲ್ಲ, ಯವ್ವಾ."

"ಬಟ್ಲ ಕೊಡಾಕ ಬಂದೀನಿರೀ. ಮತ್ತ... ಒಂದೀಟ ಹೆಪ್ಪ ಬೇಕಾಗಿತ್ತು."

ನಿಂಬೆವ್ವ ಒಳಗೆ ತಿರುಗಿ ನೋಡಿದರು. ದೇವರ ಮುಂದೆ ದೀಪ ಉರಿಯುತ್ತಿತ್ತು. ದೀಪ ಹಚ್ಚಿದ ಮೇಲೆ ಹೆಪ್ಪು ಕೊಡುವುದಿಲ್ಲ, ಅದು ನಿಮಗೂ ಗೊತ್ತು.

"ಈಗರ ದೀಪ ಹಚ್ಚಿದೆನಲ್ಲವ್ವಾ. ಒಂದ ಗಳಿಗಿ ಮೊದಲ ಬರಬಾರದಾ?" ಎಂದರು. ಚೌಕಟ್ಟು ಬಿಟ್ಟು, "ನಾಳೆ ಬರ್ತೀಯೇನ?" ಎಂದರು.

"ಬರ್ತೀನ್ರಿ."

ಸಕ್ಕರೆ ತುಂಬಿದ ಬಟ್ಟಲನ್ನು ಅವಳು ಅವರ ಕೈಯಲ್ಲಿಟ್ಟಳು. ತನ್ನ ಖಾಲಿ ಬಟ್ಟಲನ್ನು ನಾಳೆಗೆಂದು ಅವರ ಕಟ್ಟೆಯ ಮೇಲೆ ಬಿಟ್ಟು ಬಂದಳು. ಅದರ ಮೇಲೂ ಒಂದು ಹೆಸರು ಕೊರೆದಿದೆ. ಆ ಹೆಸರನ್ನು ನಾನು ಹೇಳುವ ಹಾಗಿಲ್ಲ.